ಹಣೆಯ ಮೇಲಿನ ‘ಮ’

ಔರಂಗಾಬಾದಿನ ಆ ಆಸ್ಪತ್ರೆಯಲ್ಲಿ ಮಾರ್ಫಿನ್ ಇಂಜೆಕ್ಷನ್ ಕೊಟ್ಟ ಕೂಡಲೇ ತೋರುಬೆರಳನ್ನು ನೇರಳೆ ಔಷಧಿಯಲ್ಲಿ ಅದ್ದಿ ರೋಗಿಯ ಹಣೆಗೆ ಕನ್ನಡದ ‘ಮ’ ಬರೆಯುತ್ತಿದ್ದ ನರ್ಸು ನಾನೊಬ್ಬಳೇ. ಗಡಿಬಿಡಿಯಲ್ಲಿ ಯಾರೂ ಎರಡನೇ ಸಲ ಚುಚ್ಚಬಾರದೆಂದು ನಾನೇ ಮಾಡಿಕೊಂಡ ರೂಢಿ. ಬೀದರಿನಿಂದ ಹೋದ ನನಗೆ ಆ ಅಕ್ಷರದ ಬಗ್ಗೆ ಬಲು ಹೆಮ್ಮೆ, ಇಂದಿಗೂ.

ಅರವತ್ತೆಂಟನೇ ಇಸವಿಯ ಬೇಸಿಗೆ. ಮಧ್ಯಾಹ್ನ ದೌಲತಾಬಾದ್ ಘಾಟಿನಲ್ಲಿ ಲಾರಿ ಮಗುಚಿ ತೊಡೆ ಮುರಿದುಕೊಂಡ, ನಮ್ಮ ಬೀದರ ಕಡೆಯ ಹಮಾಲ ಮನ್ಮಥಪ್ಪನನ್ನು ಜೀಪಿನಲ್ಲಿ ತಂದರು. ಡಾಕ್ಟರು ಮಾರ್ಫಿನ್ ಕೊಡಲು ಹೇಳಿದರು. ನಾನು ಸಿರಿಂಜು ತುಂಬಿಕೊಂಡು, ಅವನ ಹಣೆಯ ಧೂಳು ಒರೆಸಿದೆ.

ಧೂಳಿನ ಕೆಳಗೆ ‘ಮ’ ಇತ್ತು. ಆ ಬಿಸಿಲಲ್ಲೂ ಆರದೆ ಹಸಿಯಾಗಿತ್ತು, ಸುತ್ತಲಿನ ಚರ್ಮ ಮಾತ್ರ ತಣ್ಣಗೆ ಕೊರೆಯುತ್ತಿತ್ತು. ಕೊನೆ ತುಸು ಮೇಲೆತ್ತಿದ, ನನ್ನದೇ ಬರಹ. ಅವನ ಕಣ್ಣಪಾಪೆ ಸಾಸಿವೆಕಾಳಿನಷ್ಟಾಗಿತ್ತು. ಮಾರ್ಫಿನ್ ಆಗಲೇ ಮೈಗೇರಿತ್ತು. ಇನ್ನೊಂದು ಚುಚ್ಚಿದ್ದರೆ ಉಸಿರೇ ನಿಲ್ಲುತ್ತಿತ್ತು.

“ಸೂಜಿ ಯಾರ್ ಮಾಡಿದ್ರಪ್ಪಾ?” ಎಂದೆ.

“ನೀವೇ ಅಲ್ರೀ ನರ್ಸಬಾಯಾರ, ಘಾಟದಾಗ?” ಎಂದ ಅರೆನಿದ್ದೆಯಲ್ಲಿ. “ಕೈ ಭಾಳ ಥಂಡ ಇತ್ರೀ.”

ಜೀಪು ದಾರಿಯಲ್ಲಿ ಎಲ್ಲೂ ನಿಂತಿರಲಿಲ್ಲ. ನಾನು ಬೆಳಗಿನಿಂದ ವಾರ್ಡು ಬಿಟ್ಟು ಕದಲಿರಲಿಲ್ಲ.

ಮನ್ಮಥಪ್ಪ ಉಳಿದ, ಮೂಳೆ ಕೂಡಿದ ಮೇಲೆ ತನ್ನ ಕಾಲ ಮೇಲೆ ನಡೆದೇ ಮನೆಗೆ ಹೋದ. ಚುಚ್ಚಿದವರು ಯಾರೇ ಇರಲಿ, ಕೆಲಸ ಬಲ್ಲವರೆಂದು ಎದೆ ತಟ್ಟಿ ಹೇಳುತ್ತೇನೆ. ಆದರೆ ಜೀಪು ಗೇಟಿಗೆ ಬರುವ ಮೊದಲೇ ನನ್ನ ತೋರುಬೆರಳು ನೇರಳೆಯಾಗಿತ್ತು. ಅಂದು ಆ ಔಷಧಿಯ ಬಾಟಲಿಯನ್ನು ನಾನಿನ್ನೂ ತೆರೆದೇ ಇರಲಿಲ್ಲ.