ಮೇಲ್ಮನವಿಯ ಮರೆಯಲ್ಲಿ

"ಏಮಸ್ ಟಟಲ್‌ನ ಕಾಫಿಗೆ ಯಾರೋ ನಿದ್ದೆ ಔಷಧಿ ಬೆರೆಸಿದ್ದಾರೆ, ಮೇಡಂ. ಊರೆಲ್ಲಾ ನನ್ನ ಕಡೇನೇ ಬೆರಳು ಮಾಡ್ತಿದೆ."

ವಕೀಲ ರಾಯ್ಸ್ ಕಿಂಬ್ರೋ ನಿವೃತ್ತ ನ್ಯಾಯಾಧೀಶೆ ಒಟ್ಟಿಲೀ ಬ್ರಾಂಟ್ ಅವರ ಬಾಗಿಲಲ್ಲಿ ನಿಂತಿದ್ದ. ಅವರ ಕೋರ್ಟಿನಲ್ಲಿ ಗುಮಾಸ್ತನಾಗಿದ್ದ ನಾನು ಆಗ ಅವರ ಕಾರು ಓಡಿಸುತ್ತಿದ್ದೆ. ಮೇರಿಯೆಟ್ಟಾ ಊರಿನ ಜನ ಬಿಡಿಸಲಾಗದ ಗಂಟುಗಳನ್ನು ತರುತ್ತಿದ್ದುದು ಅವರ ಬಳಿಗೇ.

ಓಹಾಯೋ ನದಿಗೆ ವಿಷ ಬಿಟ್ಟ ಕಾರ್ಖಾನೆಯ ವಿರುದ್ಧ ವಕೀಲರಾದ ಏಮಸ್ ಮತ್ತು ರಾಯ್ಸ್ ಜೊತೆಯಾಗಿ ವಾದಿಸಿ ದಂಡೆಯ ಕುಟುಂಬಗಳನ್ನು ಗೆಲ್ಲಿಸಿದ್ದರು. ಕಾರ್ಖಾನೆ ಮೇಲ್ಮನವಿ ಹಾಕಿತು. ಗೆದ್ದ ವಕೀಲರು ಶುಲ್ಕದ ಪಾಲಿಗಾಗಿ ಕಚ್ಚಾಡಿದರು. ಮೇಲ್ಮನವಿ ಮುಗಿಯುವವರೆಗೆ ಶುಲ್ಕದ ವಿಚಾರಣೆಯೇ ಬೇಡವೆಂದು ಆ ಮೊಕದ್ದಮೆಯ ನ್ಯಾಯಾಧೀಶರು ಮುಂದೂಡಿದ್ದರು. ಅಂದಿನಿಂದ ಗೆಳೆಯರಿಬ್ಬರಿಗೂ ಮಾತಿಲ್ಲ.

ನಾವು ಮೂವರೂ ಆಸ್ಪತ್ರೆಗೆ ಹೋದೆವು. ಏಮಸ್‌ಗೆ ಇನ್ನೂ ಎಚ್ಚರವಿರಲಿಲ್ಲ, ಅವನದು ದುರ್ಬಲ ಹೃದಯ. ಅವನ ಕಿರಿಯ ವಕೀಲೆ ನಡೀನ್ ವಾಸ್ಕೊ ಹೊರಗೆ ಅಳುತ್ತಾ ಕೂತಿದ್ದಳು.

"ಪಾಪ, ಇವತ್ತು ಸಂಜೆಯೊಳಗೆ ರಾಜಿಗೆ ಸಹಿ ಹಾಕ್ಬೇಕಿತ್ತು," ಎಂದಳು. "ಕಾರ್ಖಾನೆಯವರು ನಾಳೆವರೆಗೆ ಕಾಯಲ್ಲ."

ರಾಯ್ಸ್ ಬೆಚ್ಚಿದ. "ರಾಜೀನಾ? ಯಾವ ರಾಜಿ?"

ಬ್ರಾಂಟ್ ಕಾರ್ಖಾನೆಯ ವಕೀಲನಿಗೆ ಫೋನ್ ಮಾಡಿದರು. ಸಹಿಯಾಗುವವರೆಗೆ ಯಾರಿಗೂ ತಿಳಿಯಬಾರದೆಂದು ಏಮಸ್ ಹಟ ಹಿಡಿದಿದ್ದ, ಬೆಳಿಗ್ಗೆ ತನ್ನ ಕಚೇರಿಯಿಂದಲೇ ಮಾತಾಡಿದ್ದ ಎಂದು ಆತ ಹೇಳಿದ.

ಮರುದಿನ ಏಮಸ್ ಕಣ್ಣು ಬಿಟ್ಟ. ಬ್ರಾಂಟ್ ಎಲ್ಲರನ್ನೂ ಅವನ ಹಾಸಿಗೆಯ ಸುತ್ತ ಸೇರಿಸಿದರು.

"ರಾಯ್ಸ್‌ಗೆ ಶುಲ್ಕ ಬೇಕು. ಮೇಲ್ಮನವಿ ಬೇಗ ಮುಗಿದಷ್ಟೂ ಅವನಿಗೆ ಒಳ್ಳೇದು. ಕಾರ್ಖಾನೆಗೆ ರಾಜಿ ಬೇಕಿತ್ತು, ಅದಾಗಿದ್ರೆ ಮೇಲ್ಮನವಿ ಅಲ್ಲಿಗೇ ಮುಗೀತಿತ್ತು. ಹಾಗಾದ್ರೆ ಮೇಲ್ಮನವಿ ಮುಗೀಬಾರ್ದು ಅನ್ನೋರು ಯಾರು? ಅದು ಮುಗಿದ ಕೂಡ್ಲೇ ಶುಲ್ಕದ ವಿಚಾರಣೆ ಶುರು. ಅಲ್ಲಿ ಯಾರು ಯಾವ ಕೆಲಸ ಮಾಡಿದ್ರು, ಯಾವ ಸಾಕ್ಷೀನ ಹೇಗೆ ತಂದ್ರು ಅಂತ ಪ್ರಮಾಣ ಮಾಡಿ ಹೇಳ್ಬೇಕು." ಅವರು ನಡೀನ್ ಕಡೆ ತಿರುಗಿದರು. "ಏಮಸ್ ಯಾರಿಗೂ ಹೇಳದ ರಾಜಿ ನಿನಗೆ ಹೇಗೆ ಗೊತ್ತಾಯ್ತಮ್ಮಾ?"

ನಡೀನ್ ತಲೆ ತಗ್ಗಿಸಿದಳು. "ಬಾಗಿಲ ಹತ್ರ ನಿಂತು ಕೇಳಿಸ್ಕೊಂಡೆ. ಕಾಫಿಗೆ ಔಷಧಿ ಹಾಕಿದ್ರೆ ಬರೀ ಮಲಗ್ತಾರೆ, ಸಹಿ ತಪ್ಪುತ್ತೆ ಅಂದ್ಕೊಂಡಿದ್ದೆ. ನಮ್ಮ ಸಾಕ್ಷಿ ಹ್ಯಾಟಿ ಅಜ್ಜಿಗೆ ಕಾರ್ಖಾನೆಯವರು ವಿಷದ ಪೀಪಾಯಿ ನದಿಗೆ ಸುರಿದದ್ದು ನೆನಪಿತ್ತು, ತಾರೀಖು ನೆನಪಿರ್ಲಿಲ್ಲ. ಅದನ್ನ ನಾನೇ ಹೇಳಿಕೊಟ್ಟೆ."

"ನಂಗೆ ಅನುಮಾನ ಇತ್ತು," ಎಂದ ಏಮಸ್, ಗೋಡೆಯತ್ತ ಮುಖ ಮಾಡಿ. "ಗೆಲ್ತಾ ಇದ್ವಲ್ಲ. ಕೇಳ್ಲಿಲ್ಲ."

"ನಂಗೂ ಇತ್ತು," ಎಂದು ರಾಯ್ಸ್ ಜಗಳವಾದ ಮೇಲೆ ಮೊದಲ ಬಾರಿಗೆ ಅವನ ಪಕ್ಕ ಕುರ್ಚಿ ಎಳೆದು ಕೂತ.

"ಕೋರ್ಟಿಗೆ ನೀನೇ ಹೋಗಿ ಹೇಳು," ಎಂದರು ಬ್ರಾಂಟ್. "ಪೊಲೀಸರಿಗೂ."

ಅವಳು ಹೋಗಿ ಹೇಳಿದಳು, ಶಿಕ್ಷೆಯೂ ಆಯಿತು. ಮೊದಲ ತೀರ್ಪು ಬಿದ್ದುಹೋಯಿತು. ಮರುವಿಚಾರಣೆಯಲ್ಲಿ ಹ್ಯಾಟಿಯ ಸಾಕ್ಷ್ಯವಿಲ್ಲದೆಯೇ ಕುಟುಂಬಗಳು ಗೆದ್ದವು, ಸಿಕ್ಕ ಪರಿಹಾರ ಮಾತ್ರ ಮೊದಲಿಗಿಂತ ಕಡಿಮೆ. ಶುಲ್ಕ ಕೇಳಲು ಏಮಸ್ ಹೋಗಲಿಲ್ಲ, ರಾಯ್ಸ್ ಕೂಡ ಹೋಗಲಿಲ್ಲ.

ತನ್ನನ್ನು ಸಾಕ್ಷಿಕಟ್ಟೆಗೆ ಯಾಕೆ ಕರೆಯಲಿಲ್ಲವೆಂದು ಹ್ಯಾಟಿ ಸಾಯುವವರೆಗೂ ಎಲ್ಲರನ್ನೂ ಕೇಳುತ್ತಿದ್ದಳು. ನಡೀನ್ ಹೇಳಿಕೊಟ್ಟಿದ್ದ ಆ ತಾರೀಖು ತನಗೆ ಚೆನ್ನಾಗಿ ನೆನಪಿದೆ ಎನ್ನುತ್ತಿದ್ದಳು.