ಈಟಿಯ ಬುಡಕ್ಕೆ ಕೊಟ್ಟ ಕಾಲು

"ಈಟಿಯನ್ನು ಮಲಗಿಸಿಯೇ ಅಳತೆ ತಗೊಳ್ಳಿ. ನಿಲ್ಲಿಸಿ ಅದರ ಬುಡಕ್ಕೆ ಕಾಲು ಕೊಡುದು ಬೇಡ ಮಾರಾಯ್ರೆ," ಎಂದ ಮೊಯ್ದೀನ್ ಕಾಕ.

ಲತೇಶನಿಗೆ ನಗು ತಡೆಯಲಾಗಲಿಲ್ಲ. ಮ್ಯೂಸಿಯಮ್ಮುಗಳಿಗೆ ಗಾಜಿನ ಪೆಟ್ಟಿಗೆ ಕೂರಿಸುವ ಮಸ್ಕತ್ತಿನ ಕಂಪನಿಯೊಂದರಲ್ಲಿ ಅವನಿಗೆ ಕೆಲಸ. ಕಡಲ ದಂಡೆಯ ಖಸಬ್ ಊರಿನ ಅರಬಾಬ, ಎಂದರೆ ಧಣಿಯೊಬ್ಬ, ತಾನು ಕೂಡಿಟ್ಟ ಹಳೆಯ ಆಯುಧಗಳನ್ನು ಪ್ರದರ್ಶನಕ್ಕಿಡಲು ಕರೆಸಿದ್ದ. ಕಡಲು ತೋರಿಸುವ ನೆಪದಲ್ಲಿ ಹೊಸ ಹೆಂಡತಿ ತೃಪ್ತಿಯನ್ನೂ ಲತೇಶ ಕರೆತಂದಿದ್ದ. ಅರಬಾಬನ ಮನೆ ಕಾಯುವ ಮೊಯ್ದೀನ್ ಕಾಕ ಉಳ್ಳಾಲದವನು. ಊರಿನ ಮಾತು ಕಿವಿಗೆ ಬಿದ್ದದ್ದೇ ತೃಪ್ತಿಯನ್ನು ಮಗಳೇ ಎನ್ನತೊಡಗಿದ್ದ.

"ಎಂತ ಕಾಕ, ಭೂತ ಬರ್ತದಾ?" ಎಂದ ಲತೇಶ.

"ಅದಕ್ಕೆ ಮಾಟ ಮಾಡಿಸಿದ್ದುಂಟು. ಯುದ್ಧದಲ್ಲಿ ಕುದುರೆ ನುಗ್ಗಿ ಬರುವಾಗ ಈಟಿ ಹಿಡಿದವರ ಸಾಲಲ್ಲಿ ಒಬ್ಬ ಓಡಿದ್ರೆ ಎಲ್ಲರೂ ಸತ್ತ ಹಾಗೆ ಅಲ್ವಾ? ಒಬ್ಬನೂ ಓಡಬಾರ್ದು ಅಂತ ಹಿಂದೆ ಯಾವನೋ ದೊರೆ ಮಾಡಿಸಿದ್ದಂತೆ. ಅರಬಾಬ್ ಹೇಳಿದ್ದು ಅಷ್ಟೆ. ಹೆಚ್ಚು ನಂಗೂ ಗೊತ್ತಿಲ್ಲ."

ಮುದುಕ ಚಹಾ ಮಾಡಲು ಹೋದ. ಹೆಂಡತಿ ಎದುರಿಗಿರುವಾಗ ಹುಷಾರು ಹೇಳಿದರೆ ಯಾವ ಹೊಸ ಮದುಮಗ ಕೇಳಿಯಾನು? ಆಳಿಗಿಂತ ಎಷ್ಟೋ ಉದ್ದದ ಆ ಈಟಿಯನ್ನು ಲತೇಶ ಎತ್ತಿದ. ಬುಡವನ್ನು ನೆಲಕ್ಕೂರಿ ಬಲಗಾಲಿನಿಂದ ಅದುಮಿ, ಮಂಡಿ ಬಗ್ಗಿಸಿ, ಮೊನೆಯನ್ನು ಕುದುರೆಯ ಎದೆಯೆತ್ತರಕ್ಕೆ ಓರೆ ಮಾಡಿದ.

"ಹೀಗೇ ನಿಲ್ತಿದ್ದದ್ದು. ಒಂದು ಫೋಟೋ ತೆಗಿ."

"ಫೋನ್ ಕಾರಲ್ಲುಂಟು, ತರ್ತೇನೆ," ಎಂದು ತೃಪ್ತಿ ಮಹಡಿಯಿಂದ ಕೆಳಗಿಳಿದಳು.

ಏಸಿ ನಿಂತಿತು. ಮುಚ್ಚಿದ ಕಿಟಕಿಗಳ ಸಂದಿನಲ್ಲಿದ್ದ ಮಧ್ಯಾಹ್ನದ ಬೆಳಕು ಕಂದಿತು. ಲೋಬಾನದ ಘಮವನ್ನು ನುಂಗಿಕೊಂಡು ಕುದುರೆಯ ಬೆವರಿನ ನಾತ ಎದ್ದಿತು. ಕಾಲೆತ್ತಲು ನೋಡಿದ. ಬರಲಿಲ್ಲ. ಬೆರಳು ಬಿಡಿಸಲು ನೋಡಿದ. ಆಗಲಿಲ್ಲ. ಎಡಕ್ಕೂ ಬಲಕ್ಕೂ ಯಾರೋ ಏದುಸಿರು ಬಿಡುತ್ತಿದ್ದರು. ಹಿಂದಿನವನ ಈಟಿ ಅವನ ಹೆಗಲ ಮೇಲಿಂದ ಮುಂದೆ ಚಾಚಿತು. ಗೊರಸಿನ ಸದ್ದು. ದೂರದಲ್ಲಿ. ಹತ್ತಿರದಲ್ಲಿ. ನೆಲ ನಡುಗಿತು. ಪಕ್ಕದವನ ಈಟಿಗೆ ಹಿಂದಿನಿಂದ ಒಂದು ಕೈ ಬಿತ್ತು. ಪಕ್ಕದವನು ಬಿಡಿಸಿಕೊಂಡು ಕತ್ತಲಿಗೆ ಓಡಿದ, ಆ ಕೈಯವನು ಅವನ ಜಾಗದಲ್ಲಿ ಸಿಕ್ಕಿಕೊಂಡ. ಹಿಂದಿನಿಂದ ಯಾರಾದರೂ ಹಿಡಿದರೆ ಮಾತ್ರ ಮುಂದಿನವನಿಗೆ ಬಿಡುಗಡೆ ಎಂದು ಲತೇಶನಿಗೆ ಆಗ ತಿಳಿಯಿತು.

ಬೆನ್ನ ಹಿಂದೆ ಬಳೆಯ ಸದ್ದಾಯಿತು.

"ಮುಟ್ಟಬೇಡ ತೃಪ್ತಿ."

"ಈಗ ನನ್ನನ್ನು ಹೆದರಿಸುದಾ?" ಅವಳು ನಗುತ್ತ ಹಿಂದಿನಿಂದಲೇ ಈಟಿ ಹಿಡಿದಳು.

ಲತೇಶ ಬದಿಗೆ ಬಿದ್ದ. ತೃಪ್ತಿಯ ಕಾಲು ತಾನಾಗಿ ಈಟಿಯ ಬುಡಕ್ಕೆ ಊರಿತು. ನಗು ಆರಿತು. ಅವಳ ಕಣ್ಣು ಎದುರಿನ ಖಾಲಿ ಗೋಡೆಯಲ್ಲಿ ಏನನ್ನೋ ನೋಡುತ್ತಿತ್ತು.

ಅವಳ ಹಿಂದೆ ನಿಂತು ಈಟಿ ಹಿಡಿದರೆ ಸಾಕಿತ್ತು. ಅವನು ಕೈ ಚಾಚಿದ. ನೆಲ ಮತ್ತೆ ನಡುಗಿತು. ಕೈ ಹಿಂದಕ್ಕೆ ಬಂತು. ಪ್ರಾಣಭಯ ಎಂದರೆ ಅದೇ, ಹೆಂಡತಿಯ ಮುಖ ನೋಡುತ್ತಲೇ ಅವನು ಹೆದರಿದ.

ಮೊಯ್ದೀನ್ ಕಾಕ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಕಾಕ, ಇವಳಿಗೆ ತಲೆ ತಿರುಗಿತು. ನೀವು ಹಿಂದಿನಿಂದ ಆ ಕೋಲು ಹಿಡೀರಿ, ನಾನು ಇವಳನ್ನು ಹಿಡೀತೇನೆ."

ತೃಪ್ತಿ ಬೇಡವೆಂದು ತಲೆಯಾಡಿಸಿದಳು. ಮುದುಕ ಆ ಈಟಿಯನ್ನು ನೋಡಿದ, ಅವಳನ್ನು ನೋಡಿದ. ತಟ್ಟೆ ಕೆಳಗಿಟ್ಟು, "ಹೆದರಬೇಡ ಮಗಳೇ," ಎನ್ನುತ್ತ ಹಿಂದಿನಿಂದ ಕೈ ಹಾಕಿದ. ಅವನ ಕಾಲು ಈಟಿಯ ಬುಡಕ್ಕೆ ಊರಿತು.

ಲತೇಶ ಅವಳನ್ನು ಎಳೆದುಕೊಂಡು ಮೆಟ್ಟಿಲಿಳಿದ. ಮೇಲಿನಿಂದ ಮೊಯ್ದೀನ್ ಕಾಕ ಕೂಗಲಿಲ್ಲ. "ನಿಮಗೆ ಗೊತ್ತಿತ್ತಾ?" ಎಂದು ಮಾತ್ರ ಕೇಳಿದ.

ಹೊರಗೆ ಸುಡುವ ಬಿಸಿಲು. ಲತೇಶ ಕಾರು ಚಾಲೂ ಮಾಡಿ ಪಕ್ಕದ ಬಾಗಿಲು ತೆರೆದ. ತೃಪ್ತಿ ಹತ್ತಲಿಲ್ಲ. ಅವನ ಮುಖವನ್ನು ಒಮ್ಮೆ ಸರಿಯಾಗಿ ನೋಡಿದಳು. ಆಮೇಲೆ ಕಾಕನ ಹಿಂದೆ ನಿಂತು ಈಟಿ ಹಿಡಿಯಲು ಮೆಟ್ಟಿಲು ಹತ್ತಿದಳು.