ಗರ್ದಾನಿ ಘಾಟಿಯಲ್ಲಿ ಉಳಿದವನು

“ಆ ಬಂಡೆ ಹತ್ರ ಹೋಗ್ಬೇಡ ಮಗಳೇ! ಅಲ್ಲಿ ನಮ್ಮವರು ಬಾಂಬು ಹೂತಿದ್ದಾರೆ!” ನಜರ್‌ಶೋ ಕೂಗಿದ.

“ಹಾಗಂತ ಎಡಕ್ಕೆ ಬಂದೀಯ, ಜೋಕೆ. ಅಲ್ಲಿ ಹೂತೋನು ನಾನೇ,” ಎಂದ ಹಿಂದಿನಿಂದ ರಜಬಾಲಿ.

ಸಫರ್ಮೋ ಎತ್ತಿದ ಕಾಲನ್ನು ಹಾಗೇ ಹಿಡಿದು ನಿಂತಳು.

ತಜಿಕರ ಅಂತರ್ಯುದ್ಧ ಮುಗಿದು ಹದಿನೈದು ವರ್ಷವಾಗಿತ್ತು. ಆಗ ನಜರ್‌ಶೋ ಬಂಡಾಯದವರ ಕಡೆ, ರಜಬಾಲಿ ಸರ್ಕಾರದ ಕಡೆ. ಇದೇ ಬೆಟ್ಟದಲ್ಲಿ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದವರು. ಶಾಲೆಯಲ್ಲಿ ಇತಿಹಾಸ ಹೇಳುವ ಸಫರ್ಮೋ, ತಮ್ಮ ತಮ್ಮ ಕಡೆಯ ಬಾಂಬಿನ ಜಾಗ ಬಲ್ಲವರೆಂದು ಇಬ್ಬರನ್ನೂ ಕಾಡಿ ಬೇಡಿ ಕರೆತಂದಿದ್ದಳು. ಯುದ್ಧ ನಡೆಯುತ್ತಿದ್ದ ಒಂದು ವರ್ಷ, ಚಳಿಗಾಲದ ಬಾಗಿಲಲ್ಲಿ ಗರ್ದಾನಿ ಘಾಟಿ ಹಿಡಿಯಲು ಹತ್ತಿದ ಸರ್ಕಾರಿ ತುಕಡಿ ಕೆಳಗಿಳಿಯಲೇ ಇಲ್ಲ. ಓಡಿಹೋದರು ಎಂದು ಯಾರೋ ಅಂದರು, ಊರು ನಂಬಿತು. ಆ ತುಕಡಿಯಲ್ಲಿ ಅವಳ ಅಣ್ಣ ಇದಿಬೆಕ್ ಇದ್ದ. ಹೇಡಿಯ ತಾಯಿ ಎನ್ನಿಸಿಕೊಂಡು ಅಮ್ಮ ಹಾಸಿಗೆ ಹಿಡಿದಿದ್ದಳು. ಅವಳು ಕಣ್ಣು ಮುಚ್ಚುವುದರೊಳಗೆ ನಿಜ ಗೊತ್ತಾಗಬೇಕಿತ್ತು.

ಬೆಳಿಗ್ಗೆ ಹೊಳೆಯ ದಂಡೆ ಹಿಡಿದು ಹೊರಟಿದ್ದರು. ಮುಳ್ಳುಪೊದೆ ಮುಗಿದು ಜಲ್ಲಿಯ ಇಳಿಜಾರು ಬಂತು, ಜಲ್ಲಿ ಮುಗಿದು ಬರಿಯ ಕಲ್ಲು. ಶಿಖರಗಳ ನೆತ್ತಿಯ ಮೇಲೆ ಬೂದು ಮೋಡ ಕಂಬಳಿಯಂತೆ ಇಳಿದು ಕೂತಿತ್ತು. ಈಗ ಹಿಮ ಸುರಿಯತೊಡಗಿತು. ನೋಡನೋಡುತ್ತ ಅವರ ಹೆಜ್ಜೆ ಗುರುತು ಅಳಿಸಿಹೋಯಿತು.

ಹಿಂದಕ್ಕೂ ದಾರಿಯಿಲ್ಲ. ಮುಂದಕ್ಕೂ ಇಲ್ಲ.

“ನಿನ್ನ ನಂಬ್ಕೊಂಡು ಬಂದೆನಲ್ಲ ಗಡ್ಡಪ್ಪ!” ರಜಬಾಲಿ ರೇಗಿದ.

“ನಿಮ್ಮವರ ಬಾಂಬು ಎಲ್ಲೆಲ್ಲಿದೆ ಅಂತ ನಂಗೇನು ಕನಸು ಬೀಳುತ್ತಾ, ಸರ್ಕಾರಿ ಬೂಟೇ?”

ಸಫರ್ಮೋಳ ತುಟಿ ಮರಗಟ್ಟಿತ್ತು. “ಮಾವಂದಿರಾ, ಜಗಳ ಆಮೇಲೆ. ಘಾಟಿ ಮೇಲಿರೋ ಪೀರಜ್ಜನ ಗೋರಿಗೆ ಹೋಗೋ ಕಾಲುದಾರೀಲೂ ಹೂತಿದ್ರಾ?”

“ಥೂ! ಎಂಥಾ ಮಾತಾಡ್ತೀಯ!” ನಜರ್‌ಶೋ ಸಿಡಿದ.

“ನಮ್ಮನ್ನ ಏನಂತ ತಿಳ್ಕೊಂಡಿದೀಯ?” ರಜಬಾಲಿಗೂ ಸಿಟ್ಟು ಬಂತು.

ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಮೇಲೆ, ಹಿಮದ ಪರದೆಯಾಚೆ, ಗೋರಿಯ ಕಂಬಕ್ಕೆ ಕಟ್ಟಿದ ಕಾಡುಮೇಕೆಯ ಕೊಂಬು ಮಸುಕಾಗಿ ಕಾಣುತ್ತಿತ್ತು. ಅದರ ನೇರಕ್ಕೆ ಹತ್ತಿದರು. ಅರ್ಧ ಏರಿರಬೇಕು, ರಜಬಾಲಿ ಜಾರಿದ. ಅವನ ಕಾಲಿಗೆ ಸಿಕ್ಕ ಕಲ್ಲು ಉರುಳಿತು.

ಧಡಾರ್!

ಕೆಳಗೆ ಮಣ್ಣು ಹಿಮ ಒಟ್ಟಿಗೆ ಮೇಲೆದ್ದವು. ನಜರ್‌ಶೋ ಬೋರಲು ಬಿದ್ದು ರಜಬಾಲಿಯ ನಡುಪಟ್ಟಿ ಹಿಡಿದುಕೊಂಡ.

“ಬಿಡೋ, ನೀನೂ ಬೀಳ್ತೀಯ!”

“ಬಾಯಿ ಮುಚ್ಚು. ನೀನು ಹೋದ್ರೆ ಇಳಿಯೋವಾಗ ನಿಮ್ಮ ಬಾಂಬು ತೋರ್ಸೋರು ಯಾರು?”

ಸಫರ್ಮೋ ನಜರ್‌ಶೋನ ಕಾಲು ಹಿಡಿದು ಎಳೆದಳು. ಮೂವರೂ ಒಬ್ಬರ ಮೇಲೊಬ್ಬರು ಬಿದ್ದರು.

ಗೋರಿಯ ಗೋಡೆಯ ಮರೆಯಲ್ಲಿ ಕಲ್ಲು ಪೇರಿಸಿದ ಸಮಾಧಿಗಳ ಸಾಲಿತ್ತು. ಕೆಲವುಗಳ ತಲೆಯ ಬಳಿ ಸೈನಿಕರ ಉಕ್ಕಿನ ಟೊಪ್ಪಿ, ಕೆಲವುಗಳ ಬಳಿ ಬಂಡಾಯದವರ ಉಣ್ಣೆ ಟೊಪ್ಪಿ.

“ಇವರನ್ನ ಕೊಂದಿದ್ದು ಗುಂಡಲ್ಲ, ಚಳಿ,” ಎಂದ ನಜರ್‌ಶೋ. ಅವನು ಟೊಪ್ಪಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ, ಒಂದರಲ್ಲೂ ಗುಂಡಿನ ತೂತಿರಲಿಲ್ಲ. “ಹಿಮಕ್ಕೆ ಸಿಕ್ಕಿ ಎರಡೂ ಕಡೆಯವರು ಒಂದೇ ಗೋಡೆ ಸೇರಿದ್ದಾರೆ. ನೋಡು, ನಮ್ಮ ಹುಡುಗರನ್ನೂ ಮೆಕ್ಕಾ ಕಡೆ ಮುಖ ಮಾಡಿ ಮಲಗಿಸಿದ್ದಾರೆ.”

ಗೋರಿಯ ಕಟ್ಟಡದೊಳಗೆ ಗೋಡೆಗೊರಗಿ ಒಬ್ಬ ಕೂತಿದ್ದ. ಸೈನ್ಯದ ಕೋಟಿನೊಳಗೆ ಬರೀ ಎಲುಬು. ತೊಡೆಯ ಮೇಲೆ ಮುರಿದ ಸಲಿಕೆ. ಕಾಲಿಗೆ ಬಣ್ಣದ ಉಣ್ಣೆಯ ಕಾಲುಚೀಲ, ಹಿಮ್ಮಡಿಯಲ್ಲಿ ಕೆಂಪು ಹೂವು. ಆ ಹೂವನ್ನು ಹಿಮ್ಮಡಿಗೆ ಹೆಣೆಯುವವಳು ಊರಲ್ಲಿ ಒಬ್ಬಳೇ, ಸಫರ್ಮೋಳ ಅಮ್ಮ.

ಸಫರ್ಮೋ ಅಣ್ಣನ ಕಾಲ ಬಳಿ ಕೂತು ಆ ಹೂವಿನ ಮೇಲಿನ ಧೂಳು ಒರೆಸಿದಳು.

“ಎಲ್ರನ್ನೂ ಮಣ್ಣು ಮಾಡಿದ್ದಾನೆ,” ರಜಬಾಲಿ ಟೊಪ್ಪಿ ತೆಗೆದ. “ಇವನಿಗೆ ಮಣ್ಣು ಹಾಕೋಕೆ ಯಾರೂ ಉಳೀಲಿಲ್ಲ.”

ನೆಲ ಕಬ್ಬಿಣವಾಗಿತ್ತು. ಆ ಇಬ್ಬರು ಅದೇ ಮುರಿದ ಸಲಿಕೆಯಿಂದ ಸರದಿಯ ಮೇಲೆ ಅಗೆದರು. ಅಂಗೈ ಒಡೆದರೂ ಅವಳ ಕೈಗೆ ಸಲಿಕೆ ಕೊಡಲಿಲ್ಲ. ಒಂದು ಕಾಲುಚೀಲವನ್ನು ಅಣ್ಣನಿಗೇ ಬಿಟ್ಟು ಇನ್ನೊಂದನ್ನು ಅವಳು ಎದೆಯೊಳಗಿಟ್ಟುಕೊಂಡಳು.

ಹಿಮ ನಿಂತ ಮೇಲೆ ಇಳಿದರು. ನಜರ್‌ಶೋನ ಕಾಲ್ಬೆರಳುಗಳು ಚಳಿಗೆ ಸತ್ತು ಕಪ್ಪಾಗಿದ್ದವು. ರಜಬಾಲಿ ಅವನನ್ನು ಬಯ್ಯುತ್ತಲೇ ಹೊತ್ತುಕೊಂಡ. ಬೆನ್ನ ಮೇಲಿದ್ದವನು ಬಲಗಡೆಯ ಅಪಾಯ ಹೇಳಿದ, ಹೊತ್ತವನು ಎಡಗಡೆಯದ್ದು.

ಮನೆಯಲ್ಲಿ ಅಮ್ಮ ಕಾಲುಚೀಲದ ಹೂವನ್ನು ಬಹಳ ಹೊತ್ತು ಸವರಿದಳು.

“ಓಡಿಹೋಗಿರ್ಲಿಲ್ವಾ?”

“ಇಲ್ಲಮ್ಮ. ಎಲ್ಲರೂ ಹೋದ ಮೇಲೂ ಅವನು ಅಲ್ಲೇ ಇದ್ದ.”

ಅಮ್ಮ ಗೋಡೆ ಹಿಡಿದು ಎದ್ದಳು. ಅಂಗಳ ದಾಟಿ ಹೋಗಿ, ಸಾವಾದ ಮನೆಯವರು ಸಂತಾಪಕ್ಕೆ ಬರುವ ಊರವರಿಗಾಗಿ ಮಾಡುವಂತೆ, ಬೀದಿ ಬಾಗಿಲಿನ ಎರಡೂ ಕದಗಳನ್ನು ಅಗಲವಾಗಿ ತೆರೆದಿಟ್ಟಳು.